ಊರ ಹಣದ ವಿದ್ಯೆ ಊರಿಗೇ ಸಲ್ಲಬೇಕು

ಸರ್ಕಾರದ ಧನಸಹಾಯದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಎಲ್ಲರೂ ಓದಬಹುದಾದ ಮುಕ್ತ ಭಂಡಾರದಲ್ಲಿ ಇರಿಸಬೇಕೆಂಬ ನಿಯಮ ಹುಟ್ಟಿ ದಶಕ ಕಳೆದಿದೆ. ದೇಶದ ಮೊದಲ ಅಂಥ ಭಂಡಾರವನ್ನು ಕಟ್ಟಿದ್ದು ಬೆಂಗಳೂರು. ಆಸ್ಪತ್ರೆಗಳೂ ವಿದ್ಯಾಸಂಸ್ಥೆಗಳೂ ಒತ್ತೊತ್ತಾಗಿರುವ ನಗರದ ದಕ್ಷಿಣ ಭಾಗಕ್ಕೆ ಈ ನಿಯಮ ಏಕೆ ಮುಖ್ಯ?

ಜಯನಗರದ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ನಡುಬಿಂದುವಾಗಿಟ್ಟುಕೊಂಡು ನಾಲ್ಕು ಮೈಲಿ ಫಾಸಲೆಯೊಳಗೆ ಏನೇನಿದೆಯೆಂದು ಲೆಕ್ಕ ಹಾಕಿದರೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಅದರ ನೆರೆಯಲ್ಲಿಯೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಜೆ.ಪಿ. ನಗರದಾಚೆ ಬಿಳೇಕಹಳ್ಳಿಯಲ್ಲಿ ಐಐಎಂ, ಬಿಟಿಎಂ ಬಡಾವಣೆಗೆ ಹೊಂದಿಕೊಂಡ ಕೋರಮಂಗಲದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಇಷ್ಟೂ ನಮ್ಮ ಎಣಿಕೆಗೆ ಬರುತ್ತವೆ. ಇವುಗಳಲ್ಲಿ ಕೆಲವು ರಾಜ್ಯ ಸರ್ಕಾರದವು, ಕೆಲವು ಕೇಂದ್ರದವು. ಆದರೆ ಇವುಗಳ ಕಟ್ಟಡ, ಸಲಕರಣೆ, ಸಂಬಳಗಳಿಗೆ ಬಹುಮಟ್ಟಿಗೆ ಮೂಲವಾದುದು ಪ್ರಜೆಗಳು ತೆತ್ತ ತೆರಿಗೆ. ಇಲ್ಲಿಗೆ ಬರುವ ಸಾಮಾನ್ಯ ಜನರಿಗೆ ಇವು ಚಿಕಿತ್ಸಾಲಯಗಳಾಗಿಯೋ ಪಾಠಶಾಲೆಗಳಾಗಿಯೋ ಪರಿಚಿತ; ಇವು ಬಿಡುವಿಲ್ಲದೆ ಉತ್ಪಾದಿಸುತ್ತಿರುವ ಇನ್ನೊಂದು ಸಂಪತ್ತು, ಎಂದರೆ ಸಂಶೋಧನ ಲೇಖನಗಳು, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಆ ಸಂಪತ್ತು ಯಾರಿಗೆ ಬೇಕಾದೀತು ಎಂದು ಕೇಳುವವರು ಉಂಟು. ಚಾಮರಾಜನಗರದ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕುಳಿತ ತರುಣ ವೈದ್ಯರಿಗೆ, ತಾವು ಬೆಂಗಳೂರಿಗೆ ಕಳುಹಿಸಿದ ರೋಗಿಯಂಥವರ ವಿಷಯದಲ್ಲಿ ನಿಮ್ಹಾನ್ಸಿನವರು ಏನನ್ನು ಕಂಡುಕೊಂಡಿದ್ದಾರೆಂಬುದು ಬೇಕು. ಬನಶಂಕರಿಯ ಮನೆಯೊಂದರಲ್ಲಿ ಮಗುವಿನ ಅಪರೂಪದ ಕಾಯಿಲೆಯ ಹೆಸರನ್ನು ಮೊದಲ ಸಲ ಕೇಳಿದ ತಾಯಿಗೆ ಬೇಕು. ನಿವೃತ್ತರಾಗಿ ಜೆ.ಪಿ. ನಗರದಲ್ಲಿ ನೆಲೆಸಿ, ಅಧ್ಯಯನದಿಂದ ಮಾತ್ರ ನಿವೃತ್ತರಾಗದ ಅಧ್ಯಾಪಕರಿಗೆ ಬೇಕು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಲೇಖಕರಿಗಂತೂ ಬೇಕೇ ಬೇಕು. ಇವರೆಲ್ಲರೂ ಅಂತರ್ಜಾಲದಲ್ಲಿ ಲೇಖನದ ಹೆಸರನ್ನು ಹುಡುಕಿ, ಸಾರಾಂಶದ ಹತ್ತು ಸಾಲು ಓದಿ, ಮುಂದಕ್ಕೆ ಹೋಗಬೇಕಾದರೆ ಮೂವತ್ತು ನಲವತ್ತು ಡಾಲರು ಕೊಡಿರೆಂಬ ಸೂಚನೆಯನ್ನು ಕಂಡು ಹಿಂದಿರುಗುವುದು ನಿತ್ಯದ ಅನುಭವ. ಲೇಖನ ಬರೆದವರು ಎರಡು ಸ್ಟಾಪು ಆಚೆ ಇರುತ್ತಾರೆ. ಬೀಗದ ಕೈ ಮಾತ್ರ ಆಮ್‌ಸ್ಟರ್‌ಡಾಂನಲ್ಲಿಯೋ ಲಂಡನ್ನಿನಲ್ಲಿಯೋ ಇರುತ್ತದೆ.

ಒಂದೇ ಸರಕಿಗೆ ಮೂರು ಸುಂಕ

ಈ ವಿಪರ್ಯಾಸದ ಮೂಲವನ್ನು ತಿಳಿಯಬೇಕಾದರೆ ಜರ್ನಲುಗಳ ವ್ಯವಹಾರ ಕ್ರಮವನ್ನು ತಿಳಿಯಬೇಕು. ಕಾದಂಬರಿಕಾರನಿಗೆ ಗೌರವಧನ ಉಂಟು, ಪತ್ರಿಕಾ ಲೇಖಕನಿಗೆ ಸಂಭಾವನೆ ಉಂಟು. ಸಂಶೋಧಕನಿಗೆ ಜರ್ನಲು ಕೊಡುವುದು ಏನೂ ಇಲ್ಲ. ಅವನ ಜೀವನ ಸಂಬಳದಿಂದ ಸಾಗುತ್ತದೆ, ಅವನ ಪ್ರಯೋಗ ಸರ್ಕಾರದ ಅನುದಾನದಿಂದ ನಡೆಯುತ್ತದೆ. ಬರೆದುದನ್ನು ಜರ್ನಲಿಗೆ ಕಳುಹಿಸಿದಾಗ ಅದರ ಗುಣದೋಷಗಳನ್ನು ಪರೀಕ್ಷಿಸುವವರು ಬೇರೆ ವಿಶ್ವವಿದ್ಯಾಲಯಗಳ ಅದೇ ವಿಷಯದ ವಿದ್ವಾಂಸರು. ಅವರಿಗೂ ಆ ಶ್ರಮಕ್ಕೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಪರೀಕ್ಷೆಯಲ್ಲಿ ಉತ್ತೀರ್ಣವಾದ ಲೇಖನದ ಕೃತಿಸ್ವಾಮ್ಯವನ್ನು ಲೇಖಕನು ಒಂದು ಕಾಗದಕ್ಕೆ ಸಹಿಮಾಡಿ ಪ್ರಕಾಶಕನಿಗೆ ಒಪ್ಪಿಸುತ್ತಾನೆ. ಬಳಿಕ ಅದೇ ಲೇಖನವನ್ನು ಓದುವುದಕ್ಕಾಗಿ ಅವನ ಸಂಸ್ಥೆಯ ಗ್ರಂಥಾಲಯವೇ ವರ್ಷವರ್ಷವೂ ಚಂದಾ ಕಟ್ಟುತ್ತದೆ. ಸಂಶೋಧನೆಗೆ ಒಂದು ಸಲ, ಪರಿಶೀಲಕರ ವೇಳೆಯ ರೂಪದಲ್ಲಿ ಎರಡನೆಯ ಸಲ, ಚಂದಾದ ರೂಪದಲ್ಲಿ ಮೂರನೆಯ ಸಲ ಹಣ ತೆತ್ತ ಪ್ರಜೆಗೆ, ಕೊನೆಗೆ ತಾನೇ ಓದಹೊರಟಾಗ ನಾಲ್ಕನೆಯ ಸುಂಕ ಕಾದಿರುತ್ತದೆ.

ಪ್ರಕಾಶಕರು ಏನನ್ನೂ ಮಾಡುವುದಿಲ್ಲವೆಂದು ಇದರಿಂದ ಹೇಳಿದಂತಾಗಲಿಲ್ಲ. ಪರಿಶೀಲನೆಯನ್ನು ಏರ್ಪಡಿಸುವುದು, ಪ್ರತಿಯನ್ನು ತಿದ್ದಿ ಅಚ್ಚಿಗೆ ಅಣಿಗೊಳಿಸುವುದು, ಬಹುಕಾಲ ಕಾಪಾಡುವುದು, ಇವೆಲ್ಲ ಬೆಲೆಯುಳ್ಳ ಕಾರ್ಯಗಳೇ. ಆದರೆ ಅಂಥ ಸೇವೆಗೆ ಪ್ರತಿಫಲ ಕೊಡುವುದು ಒಂದು. ಸಂಶೋಧನೆಯ ಫಲವನ್ನೇ ಅವರ ಸ್ವತ್ತಾಗಿ ಮಾಡಿಬಿಡುವುದು ಇನ್ನೊಂದು. ಈ ಎರಡರ ನಡುವೆ ಒಂದು ಸರಳವಾದ ಮಾರ್ಗವುಂಟು. ಪ್ರಕಾಶಕನು ತಾನು ಅಚ್ಚುಮಾಡಿದ ರೂಪವನ್ನು ಮಾರಿಕೊಳ್ಳಲಿ; ಲೇಖಕನು ಪರಿಶೀಲನೆಯಲ್ಲಿ ಅಂಗೀಕೃತವಾದ ತನ್ನ ಹಸ್ತಪ್ರತಿಯ ನಕಲೊಂದನ್ನು ತನ್ನ ಸಂಸ್ಥೆಯ ಸಾರ್ವಜನಿಕ ಭಂಡಾರದಲ್ಲಿ ಇರಿಸಲಿ. ಗ್ರಂಥಪಾಲಕರು ರೆಪಾಸಿಟರಿ ಎಂದು ಕರೆಯುವುದು ಈ ಭಂಡಾರವನ್ನೇ.

ಬೆಂಗಳೂರಿಗೆ ಹೊಸದಲ್ಲ

ವಿದ್ಯೆಯನ್ನು ಬಚ್ಚಿಡದೆ ಹಂಚುವ ಈ ಕ್ರಮ ನಮ್ಮ ಊರಿಗೆ ಹೊರಗಿನಿಂದ ಬಂದ ಫ್ಯಾಷನ್ನಲ್ಲ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯ ಮುಂದೆ ತಮ್ಮ ಹೊಸ ವಿಕಿರಣದ ವಿಷಯವನ್ನು ವಿವರಿಸಿದರು. ಆ ಉಪನ್ಯಾಸ ಅದೇ ತಿಂಗಳ ಕೊನೆಗೆ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು, ಅದರ ಬಿಡಿಪ್ರತಿಗಳನ್ನು ರಾಮನ್ ಅವರು ಲೋಕದ ನಾನಾ ದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಎರಡು ವರ್ಷಗಳ ಅನಂತರ ನೊಬೆಲ್ ಪಾರಿತೋಷಕವನ್ನು ತಂದ ಆ ಸಂಶೋಧನೆ ಹೊರಜಗತ್ತನ್ನು ಅಷ್ಟು ಶೀಘ್ರವಾಗಿ ಮುಟ್ಟಿದ್ದರಲ್ಲಿ ಈ ಬಿಡಿಪ್ರತಿಗಳ ಪಾತ್ರವೂ ಉಂಟು. 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಇಲ್ಲಿಂದಲೇ ಹೊರಟಿತು. 1934ರಲ್ಲಿ ರಾಮನ್ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಅದೇ ವರ್ಷ ತನ್ನ ‘ಪ್ರೊಸೀಡಿಂಗ್ಸ್’ ಸಂಪುಟಗಳನ್ನು ಆರಂಭಿಸಿತು. ಆ ಮೊದಲ ಸಂಚಿಕೆಯಿಂದ ಇಂದಿನವರೆಗಿನ ಪುಟಗಳನ್ನು ಅಕಾಡೆಮಿ ತನ್ನ ಜಾಲತಾಣದಲ್ಲಿ ಓದುಗರಿಗೆ ಉಚಿತವಾಗಿ ತೆರೆದಿರಿಸಿದೆ. ವಿದೇಶಿ ಪ್ರಕಾಶನ ಸಂಸ್ಥೆಯೊಂದರೊಡನೆ ಒಪ್ಪಂದ ಮಾಡಿಕೊಂಡಾಗಲೂ ಈ ಒಂದು ಷರತ್ತನ್ನು ಅದು ಬಿಟ್ಟುಕೊಡಲಿಲ್ಲ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಮೈಸೂರು ಸಂಸ್ಥಾನದ ಉದಾಹರಣೆ ಇದೆ. ಬಿ.ಎಲ್. ರೈಸರು 1886ರಿಂದ ಸಂಪಾದಿಸಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಸರ್ಕಾರದ ಖರ್ಚಿನಲ್ಲಿ ನಡೆದ ಸಂಶೋಧನೆ. ಶಾಸನಗಳ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷಿನಲ್ಲಿ ಅನುವಾದವನ್ನೂ ಸೇರಿಸಿದ ಮಹತ್ಕಾರ್ಯ. ರೈಸರ ಬಳಿಕ ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು, ಇಂದು ಬಿಟಿಎಂ ಬಡಾವಣೆಯಿಂದ ಅರ್ಧ ಗಂಟೆಯ ದಾರಿಯಾದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಇರುವುದನ್ನು ಬೆಳಕಿಗೆ ತಂದರು. ಆ ಸಂಪುಟಗಳನ್ನು ಇಂದು ಯಾವ ವಿದ್ಯಾರ್ಥಿಯಾದರೂ ಮೊಬೈಲಿನಲ್ಲಿ ತೆರೆದು ಓದಬಲ್ಲನು, ಏಕೆಂದರೆ ಅವುಗಳ ಕೃತಿಸ್ವಾಮ್ಯದ ಅವಧಿ ತೀರಿಹೋಗಿದೆ. ಲೇಖಕನ ಮರಣಾನಂತರ ಅರವತ್ತು ವರ್ಷ ಸ್ವಾಮ್ಯ ಉಳಿಯುವುದು ನಮ್ಮ ಕಾನೂನು. ಆದುದರಿಂದ ಶತಮಾನದಷ್ಟು ಹಳೆಯ ಸರ್ಕಾರಿ ಸಂಶೋಧನೆ ಎಲ್ಲರಿಗೂ ತೆರೆದಿದ್ದು, ಕಳೆದ ವರ್ಷದ ಸರ್ಕಾರಿ ಸಂಶೋಧನೆ ಮುಚ್ಚಿರುವ ವಿಚಿತ್ರ ಸ್ಥಿತಿಯಲ್ಲಿ ನಾವಿದ್ದೇವೆ.

ಅಂತರ್ಜಾಲ ಯುಗದಲ್ಲಿ ಈ ಪರಂಪರೆಗೆ ಹೊಸ ರೂಪ ಕೊಟ್ಟವರೂ ಬೆಂಗಳೂರಿನವರೇ. ಭೌತವಿಜ್ಞಾನಿಗಳು ತಮ್ಮ ಲೇಖನಗಳನ್ನು ಅಚ್ಚಿಗೆ ಮುಂಚೆಯೇ ಹಂಚಿಕೊಳ್ಳುವ ‘ಅರ್ಕೈವ್’ ಎಂಬ ಕೋಶವನ್ನು ಪಾಲ್ ಗಿನ್ಸ್‌ಪಾರ್ಗ್ ಎಂಬವರು 1991ರಲ್ಲಿ ಅಮೆರಿಕದಲ್ಲಿ ಆರಂಭಿಸಿದ್ದರು. 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆ ಹೊರಟು, ವಿದ್ವತ್ ಲೇಖನಗಳಿಗೆ ಮುಕ್ತ ಪ್ರವೇಶವಿರಬೇಕೆಂಬ ತತ್ತ್ವ ಲೋಕದ ಮುಂದೆ ಸ್ಪಷ್ಟವಾಯಿತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ ಟಿ.ಬಿ. ರಾಜಶೇಖರ್ ಅವರ ನೇತೃತ್ವದಲ್ಲಿ, ಸೌತಾಂಪ್ಟನ್ ವಿಶ್ವವಿದ್ಯಾಲಯ ಉಚಿತವಾಗಿ ಕೊಟ್ಟಿದ್ದ ಇ-ಪ್ರಿಂಟ್ಸ್ ತಂತ್ರಾಂಶವನ್ನು ಬಳಸಿ, ದೇಶದ ಮೊದಲ ಸಾಂಸ್ಥಿಕ ಭಂಡಾರ ಸಿದ್ಧವಾಯಿತು. ರಾಜಶೇಖರ್ ಅವರು 2005ರಲ್ಲಿ ಅಕಾಲದಲ್ಲಿ ತೀರಿಕೊಂಡ ಮೇಲೆ ಅದನ್ನು ಬೆಳೆಸಿದ ಫ್ರಾನ್ಸಿಸ್ ಜಯಕಾಂತ್ ಅವರಿಗೆ, ಅಭಿವೃದ್ಧಿಶೀಲ ದೇಶಗಳಲ್ಲಿ ಮುಕ್ತ ಪ್ರವೇಶಕ್ಕಾಗಿ ದುಡಿದವರಿಗೆ ಸಲ್ಲುವ ಅಂತರರಾಷ್ಟ್ರೀಯ ಪ್ರಶಸ್ತಿ ಅದರ ಮೊದಲ ವರ್ಷದಲ್ಲಿಯೇ ಸಂದಿತು. 2006ರ ನವೆಂಬರಿನಲ್ಲಿ ಅದೇ ಆವರಣದಲ್ಲಿ ಸೇರಿದ ಕಾರ್ಯಾಗಾರವೊಂದು, ಅಭಿವೃದ್ಧಿಶೀಲ ದೇಶಗಳ ಸರ್ಕಾರಗಳು ಅಂಗೀಕರಿಸಬಹುದಾದ ಮಾದರಿ ನೀತಿಯನ್ನು ರಚಿಸಿತು. ಸಾರ್ವಜನಿಕ ಧನದ ಸಂಶೋಧನೆಯ ಲೇಖನ ಅಂಗೀಕೃತವಾದೊಡನೆ ಭಂಡಾರ ಸೇರಬೇಕೆಂಬುದೇ ಅದರ ತಿರುಳು.

ಲೇಖನ ಭಂಡಾರ ಸೇರುವ ಬಗೆ

ಈ ಕಾರ್ಯ ಎಷ್ಟರ ಮಟ್ಟಿಗೆ ಶ್ರಮದಾಯಕ ಎಂಬುದನ್ನು ಸಮೀಪದಿಂದ ನೋಡುವುದು ಒಳ್ಳೆಯದು. ಲೇಖನ ಅಂಗೀಕೃತವಾಗಿದೆಯೆಂಬ ಇಮೇಲ್ ಬಂದ ದಿನ ಲೇಖಕರ ಬಳಿ ಇರುವುದು ತಮ್ಮದೇ ಕಡತ: ಸಾಲುಗಳಿಗೆ ಸಂಖ್ಯೆ ಕೊಟ್ಟ, ಕೋಷ್ಟಕಗಳನ್ನೆಲ್ಲ ಕೊನೆಗೆ ಜೋಡಿಸಿದ, ಜರ್ನಲಿನ ಲಾಂಛನವಿಲ್ಲದ, ಸಾಧಾರಣವಾದ ವರ್ಡ್ ಪ್ರತಿ. ಪರಿಶೀಲಕರ ಸೂಚನೆಗಳೆಲ್ಲ ಅದರಲ್ಲಿ ಅಳವಟ್ಟಿರುತ್ತವೆ. ನೋಟಕ್ಕೆ ಒರಟಾದರೂ ವಿಷಯದಲ್ಲಿ ಅದಕ್ಕೂ ಅಚ್ಚಾದ ರೂಪಕ್ಕೂ ಗಣನೀಯ ಭೇದವಿಲ್ಲ. ಅದನ್ನು ಪಿಡಿಎಫ್ ಮಾಡಿ, ಭಂಡಾರದ ಪುಟಕ್ಕೆ ಲಾಗಿನ್ ಆಗಿ, ಶೀರ್ಷಿಕೆ, ಸಹಲೇಖಕರ ಹೆಸರುಗಳು, ವಿಭಾಗ, ಜರ್ನಲು, ವರ್ಷ, ಅನುದಾನದ ಸಂಖ್ಯೆ, ಇಷ್ಟನ್ನು ತುಂಬಿ, ಕಡತವನ್ನು ಏರಿಸಿದರೆ ಲೇಖಕರ ಪಾಲಿನ ಕೆಲಸ ಮುಗಿಯಿತು. ಇದಕ್ಕೆ ಹಿಡಿಯುವುದು ಒಂದು ಕಾಫಿ ಆರುವಷ್ಟು ಹೊತ್ತು.

ಮುಂದಿನದು ಗ್ರಂಥಪಾಲಕರ ಪಾಲು. ಅವರು ಜರ್ನಲಿನ ಐಎಸ್ಎಸ್ಎನ್ ಸಂಖ್ಯೆಯನ್ನು ಶೆರ್ಪಾ ರೋಮಿಯೊ ಎಂಬ ಹೆಸರಿನಿಂದ ಬಹುಕಾಲ ಪರಿಚಿತವಾಗಿದ್ದ ಉಚಿತ ಕೋಶದಲ್ಲಿ ಹಾಕಿ ನೋಡುತ್ತಾರೆ. ಪರಿಶೀಲನೆಗೆ ಮುಂಚಿನ ಪ್ರತಿ, ಅಂಗೀಕೃತ ಪ್ರತಿ, ಪ್ರಕಟಿತ ಪ್ರತಿ, ಈ ಮೂರರಲ್ಲಿ ಯಾವುದನ್ನು ಎಲ್ಲಿ ಎಂದಿನಿಂದ ತೆರೆದಿಡಬಹುದೆಂದು ಆಯಾ ಪ್ರಕಾಶಕರು ಒಪ್ಪಿರುವುದು ಅಲ್ಲಿ ದಾಖಲಾಗಿರುತ್ತದೆ. ಬಹುಮಟ್ಟಿನ ದೊಡ್ಡ ಪ್ರಕಾಶಕರು ಅಂಗೀಕೃತ ಪ್ರತಿಯನ್ನು, ಆರು ತಿಂಗಳೋ ವರ್ಷವೋ ಇನ್ನೂ ಕೊಂಚ ಹೆಚ್ಚೋ ಕಾದ ಮೇಲೆ, ಸಂಸ್ಥೆಯ ಭಂಡಾರದಲ್ಲಿ ತೆರೆಯಲು ಒಪ್ಪುತ್ತಾರೆ. ಈ ಕಾಯುವ ಅವಧಿಗೆ ಎಂಬಾರ್ಗೊ ಎಂದು ಹೆಸರು. ಕಡತವನ್ನು ಇಂದೇ ಒಳಗಿಟ್ಟು, ತೆರೆಯುವ ದಿನಾಂಕವನ್ನು ಮಾತ್ರ ಗುರುತಿಸಿದರೆ ಆ ದಿನ ಬಂದಾಗ ಅದು ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಓದುಗರು ‘ಪ್ರತಿ ಬೇಕು’ ಎಂಬ ಗುಂಡಿಯನ್ನು ಒತ್ತಿದರೆ ಲೇಖಕರಿಗೆ ಇಮೇಲ್ ಹೋಗುತ್ತದೆ. ಅವರು ಒಪ್ಪಿದರೆ ಒಂದು ಪ್ರತಿ ಓದುಗರಿಗೆ ತಲುಪುತ್ತದೆ. ರಾಮನ್ ಅವರ ಕಾಲದ ಬಿಡಿಪ್ರತಿ ಹೋಗುತ್ತಿದ್ದುದೂ ಹೀಗೆಯೇ, ಅಂಚೆಯ ಚೀಟಿಯೊಂದಿಗೆ.

ಗ್ರಂಥಪಾಲಕರ ದಿನಚರಿಯಲ್ಲಿ ಪದೇ ಪದೇ ಎದುರಾಗುವ ತೊಡಕುಗಳು ಎರಡು. ಲೇಖಕರು ತಮ್ಮ ಹಸ್ತಪ್ರತಿಯ ಬದಲು ಪ್ರಕಾಶಕರ ಸುಂದರವಾದ ಪಿಡಿಎಫನ್ನೇ ಏರಿಸಿಬಿಡುತ್ತಾರೆ. ಅದಕ್ಕೆ ಅನುಮತಿ ಇರುವುದಿಲ್ಲವಾಗಿ ಕಡತ ಹಿಂದಿರುಗುತ್ತದೆ. ನಿಮ್ಮ ಸ್ವಂತ ಪ್ರತಿಯನ್ನು ಕೊಡಿರೆಂದು ಕೇಳುವ ವೇಳೆಗೆ ಒಂದೂವರೆ ವರ್ಷ ಸಂದಿರುತ್ತದೆ, ಕೊನೆಯ ತಿದ್ದುಪಡಿ ಮಾಡಿದ ವಿದ್ಯಾರ್ಥಿ ಪಿಎಚ್.ಡಿ. ಮುಗಿಸಿ ಹೊರದೇಶಕ್ಕೆ ಹೋಗಿರುತ್ತಾನೆ, ಕಡತ ಅವನ ಹಳೆಯ ಲ್ಯಾಪ್‌ಟಾಪಿನೊಂದಿಗೆ ಹೋಗಿರುತ್ತದೆ. ಅಂಗೀಕಾರದ ದಿನವೇ ಲೇಖನವನ್ನು ಭಂಡಾರಕ್ಕೆ ಸೇರಿಸಬೇಕೆಂದು ಬಲ್ಲವರು ಒತ್ತಿ ಹೇಳುವುದು ಈ ಕಾರಣಕ್ಕೆ: ಅಂದು ಕೈಯಲ್ಲಿದ್ದ ಪ್ರತಿ ಮತ್ತೊಂದು ದಿನ ಸಿಗುವುದಿಲ್ಲ.

ಕೋರಮಂಗಲದ ಖಭೌತ ಸಂಸ್ಥೆಯ ಭಂಡಾರವನ್ನು ತೆರೆದು ನೋಡಿದವರಿಗೆ ಇದರ ಇನ್ನೊಂದು ಪ್ರಯೋಜನ ತಿಳಿಯುತ್ತದೆ. 1786ರಲ್ಲಿ ಮದರಾಸಿನಲ್ಲಿ ವಿಲಿಯಂ ಪೆಟ್ರಿ ಎಂಬವರು ತೊಡಗಿದ ಖಾಸಗಿ ವೀಕ್ಷಣಾಲಯ ಈ ಸಂಸ್ಥೆಯ ಮೂಲ. ಅನಂತರದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ, 1909ರಲ್ಲಿ, ಸೂರ್ಯಕಲೆಗಳಲ್ಲಿನ ಅನಿಲಪ್ರವಾಹವನ್ನು ಜಾನ್ ಎವರ್‌ಶೆಡ್ ಗುರುತಿಸಿದರು. ಆ ವೀಕ್ಷಣಾಲಯದ ಹಳೆಯ ಬುಲೆಟಿನ್ನುಗಳು ಇಂದಿನ ವಿಜ್ಞಾನಿಗಳ ಲೇಖನಗಳೊಂದಿಗೆ ಒಂದೇ ಕಪಾಟಿನಲ್ಲಿ ದೊರೆಯುತ್ತವೆ. ಖಗೋಳದವರಿಗೆ ಇದು ಬಹುಕಾಲದ ರೂಢಿ. ಅವರು ಲೇಖನವನ್ನು ಅರ್ಕೈವಿಗೆ ಹಾಕದೆ ಇರುವುದೇ ಅಪರೂಪ. ನಗರದ ಇದೇ ಭಾಗದ ವೈದ್ಯವಿಜ್ಞಾನಿಗಳಲ್ಲಿ ಈ ರೂಢಿ ಬೇರೂರಿಲ್ಲ. ನಕ್ಷತ್ರದ ವಿಷಯ ಎಲ್ಲರಿಗೂ ತೆರೆದಿದ್ದು, ನರರೋಗದ ವಿಷಯ ಮುಚ್ಚಿರುವುದು ಆದ್ಯತೆಯ ವ್ಯತ್ಯಾಸವಲ್ಲ, ಅಭ್ಯಾಸದ ವ್ಯತ್ಯಾಸ.

ಆಜ್ಞೆ ಉಂಟು, ಆಚರಣೆ ದುರ್ಬಲ

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ ಜಂಟಿಯಾಗಿ ಮುಕ್ತ ಪ್ರವೇಶ ನೀತಿಯೊಂದನ್ನು ಹೊರಡಿಸಿದವು. 2012–13ರ ಆರ್ಥಿಕ ವರ್ಷದಿಂದೀಚೆ ತಮ್ಮ ಧನಸಹಾಯ ಪಡೆದ ಸಂಶೋಧನೆಯ ಲೇಖನಗಳೆಲ್ಲ, ಅಂಗೀಕಾರವಾದ ಎರಡು ವಾರಗಳೊಳಗೆ, ಸಂಸ್ಥೆಯ ಅಥವಾ ಇಲಾಖೆಗಳ ಕೇಂದ್ರ ಭಂಡಾರವನ್ನು ಸೇರತಕ್ಕದ್ದೆಂದು ಅದು ವಿಧಿಸುತ್ತದೆ. ಎಂಬಾರ್ಗೊ ಒಂದು ವರ್ಷವನ್ನು ಮೀರಬಾರದೆಂದು ಸೂಚಿಸುತ್ತದೆ. ಹಣ ಕೊಟ್ಟು ಮುಕ್ತ ಜರ್ನಲಿನಲ್ಲೇ ಅಚ್ಚುಮಾಡಿಸಬೇಕೆಂದು ಅದು ಯಾರನ್ನೂ ಬಲವಂತಪಡಿಸುವುದಿಲ್ಲ. ಲೇಖನದ ಯೋಗ್ಯತೆಯನ್ನು ಅದರ ಸ್ವಂತ ಗುಣದಿಂದ ಅಳೆಯಬೇಕೇ ಹೊರತು ಅದು ಅಚ್ಚಾದ ಜರ್ನಲಿನ ಹೆಸರಿನಿಂದಲ್ಲವೆಂದೂ ಅದರಲ್ಲಿ ಹೇಳಿದೆ. ಅದಕ್ಕೂ ಹಿಂದಿನ ವರ್ಷ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇಂಥದೇ ನೀತಿಯನ್ನು ಅಂಗೀಕರಿಸಿತ್ತು. ಪಿಎಚ್.ಡಿ. ಪ್ರಬಂಧಗಳ ವಿಷಯದಲ್ಲಿ 2009ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮ ಫಲಿಸಿತು. ‘ಶೋಧಗಂಗಾ’ದಲ್ಲಿ ಇಂದು ಕರ್ನಾಟಕದ ವಿಶ್ವವಿದ್ಯಾಲಯಗಳ ಪ್ರಬಂಧಗಳು ರಾಶಿರಾಶಿಯಾಗಿ ದೊರೆಯುತ್ತವೆ.

ಪ್ರಬಂಧಗಳಲ್ಲಿ ಫಲಿಸಿದುದು ಲೇಖನಗಳಲ್ಲಿ ಏಕೆ ಫಲಿಸಲಿಲ್ಲ? ಉತ್ತರ ಕಷ್ಟದ್ದಲ್ಲ. ಪ್ರಬಂಧವನ್ನು ಒಪ್ಪಿಸದಿದ್ದರೆ ಪದವಿ ಬರುವುದಿಲ್ಲ. ಲೇಖನವನ್ನು ಭಂಡಾರಕ್ಕೆ ಸೇರಿಸದಿದ್ದರೆ ಯಾವ ನಷ್ಟವೂ ಇಲ್ಲ. ಬಡ್ತಿಯ ಸಮಿತಿ ಕೇಳುವುದು ಎಷ್ಟು ಲೇಖನ, ಯಾವ ಜರ್ನಲು ಎಂಬುದನ್ನು. ಅದು ಎಲ್ಲಿ ಓದಲು ಸಿಗುತ್ತದೆ ಎಂಬುದನ್ನಲ್ಲ. ಸಹಿ ಹಾಕಿದ ಒಪ್ಪಂದಪತ್ರ ಏನು ಹೇಳುತ್ತದೋ, ಪ್ರಕಾಶಕರು ಸಿಟ್ಟಾದಾರೋ ಎಂಬ ಅಳುಕು ಲೇಖಕರಲ್ಲಿ ಉಂಟು. ಆ ಅಳುಕನ್ನು ನಿವಾರಿಸಬಲ್ಲ ಗ್ರಂಥಪಾಲಕರ ಹುದ್ದೆ ಎಷ್ಟೋ ಕಡೆ ಖಾಲಿ. ಪರಿಣಾಮವಾಗಿ ನೀತಿ ಕಡತದಲ್ಲಿ ಉಳಿದು, ಲೇಖನ ಪ್ರಕಾಶಕರ ಬಾಗಿಲ ಹಿಂದೆ ಉಳಿಯುತ್ತದೆ.

ಚಂದಾ ಕಟ್ಟಿದರೆ ಸಾಲದೆ?

ಇದಕ್ಕೆ ಪ್ರತಿಯಾಗಿ, ಎಲ್ಲರಿಗೂ ಸರ್ಕಾರವೇ ಚಂದಾ ಕಟ್ಟಿಬಿಟ್ಟರೆ ತೊಂದರೆಯೇ ಇಲ್ಲವಲ್ಲ ಎಂಬ ವಾದ ಬರುತ್ತದೆ. ಈ ದಾರಿಯಲ್ಲಿ ಜಯನಗರಕ್ಕೆ ಅನುಭವವೂ ಉಂಟು. ಆರೋಗ್ಯ ವಿಶ್ವವಿದ್ಯಾಲಯ 2003ರಲ್ಲಿ ಆರಂಭಿಸಿದ ‘ಹೆಲಿನೆಟ್’ ಎಂಬ ಒಕ್ಕೂಟ, ಬಿಡಿಬಿಡಿಯಾಗಿ ಕೊಳ್ಳಲಾರದ ವೈದ್ಯಕೀಯ ಕಾಲೇಜುಗಳೆಲ್ಲ ಕೂಡಿ ವಿದೇಶಿ ಜರ್ನಲುಗಳನ್ನು ತರಿಸಿಕೊಳ್ಳುವ ಉಪಾಯವನ್ನು ಕಂಡುಹಿಡಿಯಿತು. ಮೊಫಸ್ಸಲ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅದರಿಂದಾದ ಉಪಕಾರ ಸಣ್ಣದಲ್ಲ. ಅದೇ ತತ್ತ್ವವನ್ನು ದೇಶದ ಮಟ್ಟಕ್ಕೆ ಏರಿಸಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲುಗಳು, 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಸಂಶೋಧನಾಲಯಗಳಿಗೆ 2025ರಿಂದ ದೊರೆಯುವಂತಾದುದು ಸಂತೋಷದ ಸಂಗತಿಯೇ.

ಆದರೂ ಇದು ಕಾಂಪೌಂಡಿನೊಳಗಿನ ಸೌಲಭ್ಯ. ಬನಶಂಕರಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ವೈದ್ಯರು, ಖಾಸಗಿ ಕಾಲೇಜಿನ ಅಧ್ಯಾಪಕರು, ಸರ್ಕಾರೇತರ ಸಂಘಗಳ ಕಾರ್ಯಕರ್ತರು, ಪತ್ರಕರ್ತರು, ರೋಗಿಗಳ ಮನೆಯವರು ಕಾಂಪೌಂಡಿನ ಹೊರಗಿನವರು. ಅಲ್ಲದೆ ವರ್ಷಕ್ಕೆ ಎರಡು ಸಾವಿರ ಕೋಟಿಯಂತೆ ತೆತ್ತ ಮೇಲೂ ನಮ್ಮದಾಗಿ ಉಳಿಯುವುದು ಅತ್ಯಲ್ಪ. ಚಂದಾ ನಿಂತ ದಿನ ಹೊಸ ಲೇಖನಗಳ ದಾರಿ ಮುಚ್ಚುತ್ತದೆ. ಭಂಡಾರ ಸೇರಿದ ಲೇಖನಕ್ಕೆ ಅಂಥ ವಾಯಿದೆಯಿಲ್ಲ. ಚಂದಾದಿಂದ ಪರರ ಲೇಖನಗಳನ್ನು ನಾವು ಓದಬಹುದು; ನಮ್ಮ ಲೇಖನಗಳನ್ನು ನಮ್ಮ ಜನವೂ ಪರದೇಶದ ಬಡ ವಿಶ್ವವಿದ್ಯಾಲಯಗಳೂ ಓದಬೇಕಾದರೆ ಭಂಡಾರವೇ ಬೇಕು.

ಮತ್ತೊಂದು ದಾರಿಯೆಂದು ತೋರಿಸಲ್ಪಡುವುದು, ಓದುಗರ ಬದಲು ಲೇಖಕರಿಂದಲೇ ಶುಲ್ಕ ವಸೂಲುಮಾಡುವ ಪದ್ಧತಿ. ಪ್ರಸಿದ್ಧವಾದ ‘ನೇಚರ್’ ಪತ್ರಿಕೆ 2021ರಲ್ಲಿ ಇದಕ್ಕಾಗಿ ಗೊತ್ತುಮಾಡಿದ ದರ ಒಂದು ಲೇಖನಕ್ಕೆ 9,500 ಯೂರೋ ಆಗಿತ್ತು. ನಮ್ಮ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲು. ಓದುವವನ ಬಾಗಿಲನ್ನು ತೆರೆದು ಬರೆಯುವವನ ಬಾಗಿಲನ್ನು ಮುಚ್ಚುವ ಈ ಏರ್ಪಾಡು ಕರ್ನಾಟಕದ ಯಾವ ಸರ್ಕಾರಿ ಕಾಲೇಜಿಗೂ ಎಟುಕುವಂತಹುದಲ್ಲ. ಅಕಾಡೆಮಿಯ ಜರ್ನಲುಗಳಂತೆ ಇಬ್ಬರಿಂದಲೂ ಹಣ ಕೇಳದವು ಉತ್ತಮ; ಅವು ಎಲ್ಲ ವಿಷಯಗಳಲ್ಲೂ ಬೆಳೆಯುವವರೆಗೆ, ಲೇಖಕರಿಗೂ ಓದುಗರಿಗೂ ಖರ್ಚಿಲ್ಲದೆ ಇಂದೇ ಸಾಧ್ಯವಿರುವುದು ಭಂಡಾರದ ಮಾರ್ಗವೊಂದೇ.

ಆಕ್ಷೇಪಗಳ ವಿಚಾರ

ವೈದ್ಯಕೀಯ ಲೇಖನಗಳು ಸಾಮಾನ್ಯರ ಕೈಗೆ ಸಿಕ್ಕರೆ ಅಪಾರ್ಥವಾದೀತು, ರೋಗಿಗಳು ತಾವೇ ವೈದ್ಯರಾಗಿಬಿಟ್ಟಾರು ಎಂಬುದು ಮೊದಲ ಆಕ್ಷೇಪ. ಭಯ ನಿರಾಧಾರವಲ್ಲ. ಆದರೆ ಪರಿಶೀಲಿತವಾದ ಲೇಖನಕ್ಕೆ ಬೀಗ ಹಾಕಿದ ಮಾತ್ರಕ್ಕೆ ಕುತೂಹಲಕ್ಕೆ ಬೀಗ ಬೀಳುವುದಿಲ್ಲ. ಅದು ವಾಟ್ಸ್‌ಆ್ಯಪಿನ ಮನೆಮದ್ದಿನ ಕಡೆಗೆ ತಿರುಗುತ್ತದೆ, ಅಷ್ಟೆ. 2020ರಲ್ಲಿ ಕೋವಿಡ್ ವ್ಯಾಪಿಸಿದಾಗ ದೊಡ್ಡ ಪ್ರಕಾಶಕರೇ ಆ ರೋಗದ ಲೇಖನಗಳನ್ನು ಎಲ್ಲರಿಗೂ ತೆರೆದರು. ಅಂದು ಒಳ್ಳೆಯದಾದುದು ಕ್ಷಯಕ್ಕೂ ಹೃದ್ರೋಗಕ್ಕೂ ಒಳ್ಳೆಯದಲ್ಲವೆನ್ನಲು ಕಾರಣ ಕಾಣುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ವರದಿ ಆರಂಭದಿಂದಲೂ ಮುಕ್ತವಾಗಿತ್ತು. ಹನ್ನೆರಡು ರಾಜ್ಯಗಳ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿ ಇದೆಯೆಂಬುದೂ, ರೋಗದ ಬಗೆಯನ್ನನುಸರಿಸಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಮುಟ್ಟುತ್ತಿಲ್ಲವೆಂಬುದೂ ಪತ್ರಿಕೆಗಳಿಗೂ ಸಾರ್ವಜನಿಕ ಚರ್ಚೆಗಳಿಗೂ ಬಂದದ್ದು, ಆ ವರದಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾಗಿದ್ದರಿಂದ.

ರೋಗಿಗಳ ಗೋಪ್ಯತೆ ಹೋದೀತು, ಪೇಟೆಂಟು ಕೈತಪ್ಪೀತು ಎಂಬುದು ಎರಡನೆಯ ಆಕ್ಷೇಪ. ಗೋಪ್ಯತೆಯನ್ನು ಕಾಯುವುದು ಅತ್ಯಾವಶ್ಯಕ. ಆದರೆ ಅದನ್ನು ಕಾಯಬೇಕಾದುದು ಲೇಖನ ಬರೆಯುವಾಗ, ಏಕೆಂದರೆ ಅಚ್ಚಾಗುವ ಲೇಖನದಲ್ಲಿ ರೋಗಿಯ ಗುರುತು ಇರಲೇಕೂಡದು. ಪೇಟೆಂಟಿನ ಅರ್ಜಿಯೂ ಪ್ರಕಟಣೆಗೆ ಮುಂಚೆ ಸಲ್ಲಬೇಕಾದುದೇ. ಪ್ರಕಟಣೆಗೆ ಯೋಗ್ಯವಾದುದು ಭಂಡಾರಕ್ಕೂ ಯೋಗ್ಯ. ಇನ್ನು ಲೇಖಕರು ಉಳಿಸಿಕೊಂಡ ಹಕ್ಕು ಪ್ರಕಾಶಕರ ಸಮ್ಮತಿಯನ್ನು ಅವಲಂಬಿಸಿರುವುದು ಈ ಮಾರ್ಗದ ನಿಜವಾದ ದೌರ್ಬಲ್ಯ. ಅದಕ್ಕೆ ಪರಿಹಾರ, ಅನುದಾನ ಪತ್ರದಲ್ಲಿಯೇ ಈ ಹಕ್ಕನ್ನು ಮುಂಚಿತವಾಗಿ ಕಾದಿರಿಸುವುದು. ಸರ್ಕಾರದೊಡನೆ ಮೊದಲು ಮಾಡಿಕೊಂಡ ಕರಾರನ್ನು ಪ್ರಕಾಶಕರು ಅಲ್ಲಗಳೆಯುವಂತಿಲ್ಲ.

ಕೈಗೂಡುವ ಉಪಾಯ

ಉಪದೇಶದಿಂದ ಈ ಕೆಲಸ ನಡೆಯುವುದಿಲ್ಲವೆಂಬುದಕ್ಕೆ ಹೊರದೇಶದ ಸಾಕ್ಷ್ಯವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2005ರಲ್ಲಿ, ಲೇಖನಗಳನ್ನು ಭಂಡಾರಕ್ಕೆ ಸೇರಿಸಿರೆಂದು ಲೇಖಕರನ್ನು ವಿನಂತಿಸಿಕೊಂಡವು. ನೂರಕ್ಕೆ ಐದು ಮಂದಿಯೂ ಕಿವಿಗೊಡಲಿಲ್ಲ. 2008ರಲ್ಲಿ ಅದು ಕಡ್ಡಾಯವಾಯಿತು, 2013ರಲ್ಲಿ ಪಾಲಿಸದವರ ಅನುದಾನದ ಮುಂದಿನ ಕಂತನ್ನು ತಡೆಹಿಡಿಯುವುದು ಆರಂಭವಾಯಿತು, 2025ರ ಜುಲೈಯಿಂದ ಎಂಬಾರ್ಗೊ ಕೂಡ ಹೋಯಿತು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಉಪಾಯ ಇನ್ನೂ ಸರಳ. ಅಲ್ಲಿನ ರೆಕ್ಟರ್ ಆಗಿದ್ದ ಬರ್ನಾರ್ಡ್ ರೆಂಟಿಯೆ ಅವರು, ವಿಶ್ವವಿದ್ಯಾಲಯದ ‘ಓರ್ಬಿ’ ಭಂಡಾರದಲ್ಲಿರುವ ಲೇಖನಗಳನ್ನು ಮಾತ್ರ ಬಡ್ತಿಗೂ ಒಳಗಿನ ಧನಸಹಾಯಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದು ಗೊತ್ತುಮಾಡಿದರು. ದಂಡವಿಲ್ಲ, ಬೈಗುಳವಿಲ್ಲ, ಭಂಡಾರದಲ್ಲಿ ಇಲ್ಲದ ಲೇಖನ ಸಮಿತಿಯ ಕಣ್ಣಿಗೆ ಇಲ್ಲ, ಅಷ್ಟೆ. ಆ ಭಂಡಾರ ಯೂರೋಪಿನ ಅತಿ ಸಮೃದ್ಧ ಸಾಂಸ್ಥಿಕ ಭಂಡಾರಗಳಲ್ಲಿ ಒಂದಾಗಿ ಬೆಳೆಯಿತು.

ನಾಲ್ಕನೆಯ ‘ಟಿ’ ಬ್ಲಾಕಿನ ವಿಶ್ವವಿದ್ಯಾಲಯವೂ ಹೊಸೂರು ರಸ್ತೆಯ ಸಂಸ್ಥೆಗಳೂ ಇಂಥ ಒಂದು ಸಾಲಿನ ಆದೇಶವನ್ನು ಹೊರಡಿಸಲು ಹೊಸ ಕಾನೂನು ಬೇಕಾಗಿಲ್ಲ, ಹೊಸ ಕಟ್ಟಡ ಬೇಕಾಗಿಲ್ಲ, ಚಂದಾದ ಹಣದ ನೂರನೆಯ ಒಂದು ಪಾಲೂ ಬೇಕಾಗಿಲ್ಲ. ಬೇಕಾದುದು ಬಡ್ತಿಯ ಅರ್ಜಿಯಲ್ಲಿ ಭಂಡಾರದ ಕೊಂಡಿಗೆಂದು ಒಂದು ಅಂಕಣ, ಮತ್ತು ಅದನ್ನು ನೋಡಿಕೊಳ್ಳಲು ತಿಳಿದ ಗ್ರಂಥಪಾಲಕರು ಒಬ್ಬರು. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಡಿಆರ್‌ಟಿಸಿ ಎಂಬ ಶಿಕ್ಷಣ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲೇ. ಇಂದು ಅದು ಇರುವುದು ಮೈಸೂರು ರಸ್ತೆಯಲ್ಲಿ. ಆದುದರಿಂದ ಅಂಥ ಗ್ರಂಥಪಾಲಕರಿಗೆ ಈ ಊರಿನಲ್ಲಿ ಬರವಿರಲಾರದು.

ಓದುಗರ ಪಾಲಿಗೂ ಒಂದು ಕರ್ತವ್ಯ ಉಳಿದಿದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ನೆಟ್ಟು ಬೆಳೆಸಿದ ಬೆಂಗಳೂರು ಸೈನ್ಸ್ ಫೋರಂ 1962ರಿಂದ ಬುಧವಾರದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿದೆ. ವಿಜ್ಞಾನಿಯ ಎದುರು ಯಾರು ಬೇಕಾದರೂ ಕುಳಿತು ಪ್ರಶ್ನೆ ಕೇಳಬಹುದೆಂಬ ಪಾಠವನ್ನು ದಕ್ಷಿಣ ಬೆಂಗಳೂರಿನ ಎರಡು ಮೂರು ತಲೆಮಾರು ಅಲ್ಲಿ ಕಲಿತಿದೆ. ಅದೇ ಧೈರ್ಯದಿಂದ ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಬೀಗ ಹಾಕಿದ ಲೇಖನ ಎದುರಾದಾಗ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆದು ಪ್ರತಿಯನ್ನು ಕೇಳಬಹುದು. ಸಾಮಾನ್ಯವಾಗಿ ಅವರು ಸಂತೋಷದಿಂದಲೇ ಕಳುಹಿಸುತ್ತಾರೆ. ಅದರ ಕೊನೆಗೆ, ಸ್ವಾಮಿ, ಇದನ್ನು ನಿಮ್ಮ ಸಂಸ್ಥೆಯ ಭಂಡಾರದಲ್ಲಿ ಇರಿಸಿದ್ದೀರಾ ಎಂದೂ ವಿಚಾರಿಸಬೇಕು. ಮನೆಯ ಆಸ್ತಿ ತೆರಿಗೆಯೊಂದಿಗೆ ವರ್ಷವರ್ಷವೂ ಗ್ರಂಥಾಲಯ ಕರವನ್ನು ತೆರುತ್ತಿರುವ ನಾಗರಿಕನಿಗೆ ಹಾಗೆ ಕೇಳುವ ಅಧಿಕಾರ ಪೂರ್ತಿಯಾಗಿ ಉಂಟು. ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಉತ್ತರಿಸುವ ಹೊಣೆಯನ್ನು ಸಂಸ್ಥೆಗಳು ಹೆಚ್ಚು ದಿನ ಮುಂದೂಡಲಾರವು.